ಬ್ರಾಗ್ಡನ್ನರ ಕರಾರು, ಪೂನಿಯೂ ದಂಡೆಯ ಮಾತು

1870ರ ನ್ಯೂಜಿಲೆಂಡಿನಲ್ಲಿ ಇದ್ದಬದ್ದ ರೈಲುದಾರಿಯನ್ನೆಲ್ಲ ಸೇರಿಸಿದರೂ 75 ಕಿಲೋಮೀಟರ್ ಆಗುತ್ತಿರಲಿಲ್ಲ. ಅಷ್ಟರಲ್ಲೂ ಒಂದು ಪ್ರಾಂತ್ಯದ ಬಂಡಿ ಇನ್ನೊಂದು ಪ್ರಾಂತ್ಯದ ಹಳಿಯ ಮೇಲೆ ಓಡುವಂತಿರಲಿಲ್ಲ. ಕ್ಯಾಂಟರ್‌ಬರಿ ಪ್ರಾಂತ್ಯ 1863ರ ಡಿಸೆಂಬರ್‌ನಲ್ಲಿ ಆ ದೇಶದ ಮೊದಲ ಉಗಿಬಂಡಿ ಓಡಿಸಿದ್ದು 5 ಅಡಿ 3 ಇಂಚು ಅಗಲದ ಹಳಿಯ ಮೇಲೆ. ದಕ್ಷಿಣದ ತುದಿಯಲ್ಲಿದ್ದ ಸೌತ್‌ಲ್ಯಾಂಡ್ ಪ್ರಾಂತ್ಯ ಆರಿಸಿಕೊಂಡದ್ದು 4 ಅಡಿ 8½ ಇಂಚು. ಅದೂ ದುಡ್ಡು ಉಳಿಸಲೆಂದು ಇನ್ವರ್‌ಕಾರ್ಗಿಲ್‌ನಿಂದ ಮಕಾರೇವಾವರೆಗೆ ಕಬ್ಬಿಣದ ಬದಲು ಮರದ ಹಳಿ ಹಾಸಿತು. ಮಳೆ ಬಿಡದ ಆ ಸೀಮೆಯಲ್ಲಿ ಮರದ ಹಳಿ ಬಾಳಿಕೆ ಬರಲಿಲ್ಲ. ಪ್ರಾಂತ್ಯ ಸಾಲದಲ್ಲಿ ಮುಳುಗಿತು. ತಾನು ಬೇರೆಯಾಗಿ ಬಂದಿದ್ದ ಒಟಾಗೊ ಪ್ರಾಂತ್ಯದೊಳಕ್ಕೇ 1870ರಲ್ಲಿ ಅದು ಮರಳಿ ಸೇರಿಕೊಳ್ಳಬೇಕಾಯಿತು. ಸಾಲ ಮಾಡಿ ರೈಲು ಕಟ್ಟುವುದೆಂದರೆ ಏನೆಂದು ಆ ಎರಡೂವರೆ ಲಕ್ಷ ವಲಸಿಗರ ಪುಟ್ಟ ವಸಾಹತಿಗೆ ಹೀಗೆ ಒಂದು ಪಾಠ ಮೊದಲೇ ಸಿಕ್ಕಿತ್ತು.

ಅದೇ ವರ್ಷ, ಜೂನ್ 28ರಂದು, ಖಜಾನೆ ಮಂತ್ರಿ ಜೂಲಿಯಸ್ ವೋಗೆಲ್ ವೆಲ್ಲಿಂಗ್ಟನ್ನಿನ ಸಂಸತ್ತಿನಲ್ಲಿ ಎದ್ದು ನಿಂತು, ಮುಂದಿನ ಹತ್ತು ವರ್ಷಗಳಲ್ಲಿ ರೈಲು, ರಸ್ತೆ ಮತ್ತು ವಲಸೆಗೆಂದು ಸುಮಾರು ಒಂದು ಕೋಟಿ ಪೌಂಡ್ ಖರ್ಚು ಮಾಡೋಣ ಎಂದರು. ಅವರಿಗೆ ಆಗ 35 ವರ್ಷ. ಲಂಡನ್ನಿನ ಯಹೂದಿ ಮನೆತನದ ಹುಡುಗ, ಆಸ್ಟ್ರೇಲಿಯಾದ ಚಿನ್ನದ ಗಣಿಗಳ ಕಡೆ ಬಂದು, ಅಲ್ಲಿಂದ ಡನೀಡಿನ್ನಿಗೆ ಹೋಗಿ, 1861ರಲ್ಲಿ 'ಒಟಾಗೊ ಡೈಲಿ ಟೈಮ್ಸ್' ಪತ್ರಿಕೆ ಕಟ್ಟಿದವರು. ಪತ್ರಕರ್ತನಿಗೆ ಇರಬೇಕಾದ ಆತುರವೂ ಧೈರ್ಯವೂ ಅವರಲ್ಲಿ ಧಾರಾಳವಾಗಿದ್ದವು. ಅಂದು ಆ ದೇಶದ ಮೇಲಿದ್ದ ಸರ್ಕಾರಿ ಸಾಲವೇ 80 ಲಕ್ಷ ಪೌಂಡಿನ ಆಸುಪಾಸು. ಸಭೆ ಬೆಚ್ಚಿಬಿದ್ದದ್ದು ಸಹಜವೇ. ಆದರೂ ಕಾಯ್ದೆಗಳು ಪಾಸಾದವು, 40 ಲಕ್ಷ ಪೌಂಡ್ ಸಾಲ ಎತ್ತಲು ಅನುಮತಿಯೂ ಸಿಕ್ಕಿತು. ಇನ್ನು ಮುಂದೆ ಸರ್ಕಾರದ ರೈಲಿಗೆಲ್ಲ ಒಂದೇ ಅಳತೆ, 3 ಅಡಿ 6 ಇಂಚು, ಎಂದು ತೀರ್ಮಾನವಾಯಿತು.

ಅಳತೆಯ ಈ ಮಾತು ನಮಗೂ ಹತ್ತಿರದ್ದು. ಅದೇ 1870ರಲ್ಲಿ ಭಾರತದಲ್ಲಿ ವೈಸರಾಯ್ ಲಾರ್ಡ್ ಮೇಯೊ ಅವರ ಸರ್ಕಾರ ಕೂಡ ಅಗ್ಗದ, ಕಿರಿದಾದ ಹಳಿಯನ್ನು ಹುಡುಕುತ್ತಿತ್ತು. ಕೊನೆಗೆ ಮೀಟರ್ ಗೇಜ್ ಗೊತ್ತಾಯಿತು. ನ್ಯೂಜಿಲೆಂಡಿನ ಹಳಿಗಿಂತ ಮೂರು ಇಂಚಿನೊಳಗೇ ಕಿರಿದು. ಹತ್ತು ವರ್ಷ ಕಳೆದು ಮೈಸೂರು ಸಂಸ್ಥಾನ ಬೆಂಗಳೂರಿನಿಂದ ಮೈಸೂರಿಗೆ ಹಾಕಿದ್ದು ಈ ಹಳಿಯನ್ನೇ. ತಿರುವು ಹೆಚ್ಚಿದ್ದರೂ ಏರು ಕಡಿದಾಗಿದ್ದರೂ ಸಣ್ಣ ಬಂಡಿ ನಿಭಾಯಿಸುತ್ತದೆ, ಮಣ್ಣು ಅಗೆಯುವ ಕೆಲಸ ಕಡಿಮೆಯಾಗುತ್ತದೆ ಎನ್ನುವುದು ಎರಡೂ ಕಡೆ ಎಂಜಿನಿಯರುಗಳ ಲೆಕ್ಕಾಚಾರ. ಆದರೆ ಹಣದ ಏರ್ಪಾಟು ಬೇರೆಯಾಗಿತ್ತು. ಭಾರತದಲ್ಲಿ ಮೊದಲ ರೈಲುಗಳನ್ನು ಕಟ್ಟಿದ್ದು ಲಂಡನ್ನಿನ ಖಾಸಗಿ ಕಂಪನಿಗಳು. ಅವು ಹಾಕಿದ ಬಂಡವಾಳಕ್ಕೆ ಶೇ 5ರ ಬಡ್ಡಿಗೆ ಸರ್ಕಾರವೇ ಜಾಮೀನು ನಿಂತಿತ್ತು. ರೈಲು ನಷ್ಟದಲ್ಲಿ ಓಡಿದರೂ ಷೇರುದಾರನಿಗೆ ಬಡ್ಡಿ ತಪ್ಪುತ್ತಿರಲಿಲ್ಲ, ತುಂಬಿಕೊಡುತ್ತಿದ್ದವನು ಇಲ್ಲಿನ ರೈತ. ವೋಗೆಲ್ ಹೊರಟದ್ದು ಸರ್ಕಾರವೇ ಸಾಲ ಮಾಡಿ, ಸರ್ಕಾರವೇ ಒಡೆಯನಾಗಿ, ಕೆಲಸ ಮಾತ್ರ ಗುತ್ತಿಗೆಗೆ ಕೊಡುವ ದಾರಿಯಲ್ಲಿ.

ಗುತ್ತಿಗೆ ಯಾರಿಗೆ, ಯಾವ ಷರತ್ತಿನ ಮೇಲೆ? ಇಡೀ ಯೋಜನೆಯ ಹಣೆಬರಹ ನಿಂತಿದ್ದದ್ದು ಈ ಪ್ರಶ್ನೆಯ ಮೇಲೆ ಎಂದು ನನಗೆ ಅನಿಸುತ್ತದೆ. ಚರಿತ್ರೆಯ ಪುಸ್ತಕಗಳು ವೋಗೆಲ್ ಅವರ ಭಾಷಣಕ್ಕೆ ಪುಟಗಟ್ಟಲೆ ಜಾಗ ಕೊಟ್ಟು, ಕರಾರಿನ ಕಾಗದಗಳನ್ನು ಎರಡು ಸಾಲಿನಲ್ಲಿ ಮುಗಿಸುತ್ತವೆ. ರೈಲು ಕಟ್ಟಿದ್ದು ಆ ಕಾಗದಗಳು.

1871ರ ಆರಂಭದಲ್ಲಿ ವೋಗೆಲ್ ಲಂಡನ್ನಿಗೆ ಹೊರಟರು. ಆ ವರ್ಷ ಅಲ್ಲಿ ವಸಾಹತಿನ ಪ್ರತಿನಿಧಿಯಾದವರು ಐಸಾಕ್ ಫೆದರ್‌ಸ್ಟನ್. ವೆಲ್ಲಿಂಗ್ಟನ್ ಪ್ರಾಂತ್ಯವನ್ನು ವರ್ಷಗಟ್ಟಲೆ ಆಳಿದ್ದ ವೈದ್ಯ, ಮಾತಿಗೆ ಗಟ್ಟಿ. ಊರಿನಲ್ಲೇ ಸಣ್ಣಪುಟ್ಟ ಗುತ್ತಿಗೆದಾರರಿದ್ದರೂ ವೋಗೆಲ್ ಅವರಿಗೆ ದೊಡ್ಡವರೇ ಬೇಕಿತ್ತು, ಅದಕ್ಕೆ ಕಾರಣವೂ ಇತ್ತು. ದೊಡ್ಡ ಗುತ್ತಿಗೆದಾರ ಬಂದರೆ ಹಿಂದೆಯೇ ಕೂಲಿಯಾಳು ಬರುತ್ತಾರೆ, ಸಲಕರಣೆ ಬರುತ್ತದೆ, ಲಂಡನ್ನಿನ ಸಾಲದ ಪೇಟೆಯಲ್ಲಿ ವಸಾಹತಿನ ಹೆಸರಿಗೆ ತೂಕ ಬರುತ್ತದೆ. ಸಿಕ್ಕವರು ಜಾನ್ ಬ್ರಾಗ್ಡನ್ ಅಂಡ್ ಸನ್ಸ್. ಉತ್ತರ ಇಂಗ್ಲೆಂಡಿನ ಮೋರ್ಕಾಂಬ್ ಕೊಲ್ಲಿಯ ಸುತ್ತ ಉಸುಕು, ಜವುಗು ದಾಟಿ ರೈಲು ಹಾಕಿದ್ದ, ದಕ್ಷಿಣ ವೇಲ್ಸಿನಲ್ಲಿ ಕಲ್ಲಿದ್ದಲು ಮತ್ತು ಕಬ್ಬಿಣದ ಕಾರ್ಖಾನೆ ಇಟ್ಟುಕೊಂಡಿದ್ದ ಮನೆತನ. ಹಿರಿಯ ಜಾನ್ 1869ರಲ್ಲಿ ತೀರಿಕೊಂಡಿದ್ದರು. ಮಗ ಅಲೆಗ್ಸಾಂಡರ್ ಬ್ರಿಟಿಷ್ ಸಂಸತ್ತಿನ ಸದಸ್ಯ, ಇನ್ನೊಬ್ಬ ಮಗ ಜೇಮ್ಸ್ ಕೆಲಸದ ಉಸ್ತುವಾರಿ ನೋಡುವವರು.

ಮಾತುಕತೆಯಲ್ಲಿ ಎರಡು ಕರಡು ತಯಾರಾದವು. ಮೊದಲನೆಯದು ಚಿಕ್ಕದು, ಸರಳವಾದದ್ದು: ಇಷ್ಟು ಕೆಲಸ, ಇಷ್ಟು ನಗದು. ಎರಡನೆಯದು ದೊಡ್ಡದು, ಅದರೊಳಗೆ ಬಗೆಬಗೆಯ ಸಂಗತಿಗಳು ಹೆಣೆದುಕೊಂಡಿದ್ದವು. ಗುತ್ತಿಗೆದಾರ ಸಾವಿರಾರು ವಲಸಿಗರನ್ನು ತರಬೇಕು, ಕೂಲಿಯ ಒಂದು ಪಾಲನ್ನು ನಗದಾಗಿಯೂ ಇನ್ನೊಂದು ಪಾಲನ್ನು ಜಮೀನಾಗಿಯೂ ಪಡೆಯಬೇಕು. ಆ ಕಾಲದಲ್ಲಿ ಅಮೆರಿಕದಲ್ಲಿ ರೈಲು ಕಂಪನಿಗಳಿಗೆ ಹೀಗೆಯೇ ಭೂಮಿ ಬಳುವಳಿಯಾಗಿ ಹೋಗುತ್ತಿತ್ತು. ನಗದು ಕಡಿಮೆ ಇರುವ ಸರ್ಕಾರಕ್ಕೆ ಭೂಮಿ ಕೊಡುವುದು ಹಗುರವಾಗಿ ಕಂಡರೆ ಆಶ್ಚರ್ಯವಿಲ್ಲ. ಆದರೆ ಹಳಿ ಹಾಕುವವನೇ ಹಳಿಯ ಪಕ್ಕದ ಭೂಮಿಗೆ ಒಡೆಯನೂ ಆದರೆ, ದಾರಿ ಎಲ್ಲಿ ತಿರುಗಬೇಕು ಎನ್ನುವುದನ್ನು ನಿರ್ಧರಿಸುವವರು ಯಾರು?

ವೋಗೆಲ್ ಊರಿಗೆ ಮರಳಿ ಎರಡೂ ಕರಡುಗಳನ್ನು ಸಂಸತ್ತಿನ ಮುಂದಿಟ್ಟರು. ಸಂಸತ್ತು ದೊಡ್ಡದನ್ನು ಒಪ್ಪಲಿಲ್ಲ. ಆ ಸಭೆಯ ಹಿಂಜರಿಕೆಯನ್ನು ನಾನು ಮೆಚ್ಚುತ್ತೇನೆ, ಅದರ ಹಿಂದೆ ಇದ್ದದ್ದು ಬರೀ ದೂರದೃಷ್ಟಿಯಲ್ಲದಿದ್ದರೂ ಸರಿಯೆ. ಪ್ರತಿ ಪ್ರಾಂತ್ಯವೂ ತನ್ನ ಭೂಮಿಯನ್ನು ತಾನೇ ಮಾರಿ ಆದಾಯ ಮಾಡುತ್ತಿತ್ತು, ಅದನ್ನು ಬಿಟ್ಟುಕೊಡಲು ಯಾರಿಗೂ ಮನಸ್ಸಿರಲಿಲ್ಲ. ಸ್ವಾರ್ಥವೋ ಎಚ್ಚರವೋ, ಅಂತೂ ರೈಲಿನ ಪಕ್ಕದ ಲಕ್ಷಾಂತರ ಎಕರೆ ಆಗ ಒಬ್ಬ ಗುತ್ತಿಗೆದಾರನ ಕೈಸೇರಲಿಲ್ಲ.

ಇಷ್ಟು ಹೊತ್ತಿಗೆ ಜೇಮ್ಸ್ ಬ್ರಾಗ್ಡನ್ ತಾವೇ ನ್ಯೂಜಿಲೆಂಡಿಗೆ ಬಂದಿಳಿದಿದ್ದರು. ದೊಡ್ಡ ಊಟದ ಆಸೆಯಲ್ಲಿ ಬಂದವರಿಗೆ ಈಗ ಒಂದೊಂದೇ ಸಾಲಿನ ಲೆಕ್ಕ ಹಿಡಿದು ಚೌಕಾಸಿಗೆ ಕೂರಬೇಕಾಯಿತು. ಎದುರಿಗೆ ಕೂತಿದ್ದದ್ದು ಹೊಸದಾಗಿ ಹುಟ್ಟಿದ ಲೋಕೋಪಯೋಗಿ ಇಲಾಖೆ, ಅದರ ಮುಖ್ಯ ಎಂಜಿನಿಯರ್ ಜಾನ್ ಕ್ಯಾರಥರ್ಸ್. ಸರ್ವೆ ಇನ್ನೂ ನಡೆಯುತ್ತಲೇ ಇತ್ತು. ಅರ್ಧ ಅಳೆದ ದಾರಿಗೆ ಪೂರ್ತಿ ಬೆಲೆ ಕಟ್ಟುವುದು ಎರಡೂ ಕಡೆಗೆ ಕಷ್ಟ. ಗುಡ್ಡದ ಒಳಗೆ ಕಲ್ಲಿದೆಯೋ ಮಣ್ಣಿದೆಯೋ, ಹೊಳೆಯ ತಳ ಎಷ್ಟು ಆಳವೋ ಯಾರಿಗೂ ತಿಳಿಯದು. ಗುತ್ತಿಗೆದಾರ ಆ ಅನಿಶ್ಚಿತತೆಯನ್ನೂ ಸೇರಿಸಿ ದರ ಹಾಕುತ್ತಾನೆ. ಸರ್ಕಾರದ ಎಂಜಿನಿಯರಿಗೆ ಅದು ಲೂಟಿಯಂತೆ ಕಾಣುತ್ತದೆ. ಸಹಿ ಬೀಳುವ ಹೊತ್ತಿಗೆ 1872ರ ಆಗಸ್ಟ್.

ಆರು ಕರಾರುಗಳು. ಆಕ್ಲೆಂಡ್–ಮರ್ಸರ್, ನೇಪಿಯರ್–ಪಾಕಿಪಾಕಿ, ವೆಲ್ಲಿಂಗ್ಟನ್–ಹಟ್, ಪಿಕ್ಟನ್–ಬ್ಲೆನಮ್, ಡನೀಡಿನ್–ಕ್ಲೂಥಾ, ಇನ್ವರ್‌ಕಾರ್ಗಿಲ್–ಮಟೌರಾ. ಒಟ್ಟು ಸುಮಾರು 159 ಮೈಲಿ, ಎಂಟು ಲಕ್ಷ ಪೌಂಡಿಗಿಂತ ತುಸು ಹೆಚ್ಚು. ನಕಾಶೆ ಬಿಡಿಸಿ ನೋಡಿದರೆ ಈ ಆರೂ ಒಂದಕ್ಕೊಂದು ಎಲ್ಲೂ ಕೂಡುವುದಿಲ್ಲ. ಪ್ರತಿಯೊಂದೂ ಒಂದು ಬಂದರಿನಿಂದಲೋ ಪಟ್ಟಣದಿಂದಲೋ ಹೊರಟು ಒಳನಾಡಿನ ಕಡೆ ಕೈ ಚಾಚಿ ನಿಲ್ಲುತ್ತದೆ. ಯಾವ ಪ್ರಾಂತ್ಯವೂ ಮುನಿಸಿಕೊಳ್ಳಬಾರದು, ಮಸೂದೆಗೆ ಓಟು ಹಾಕಿದ ಪ್ರತಿ ಸದಸ್ಯನೂ ತನ್ನ ಊರಿಗೆ ಏನೋ ಒಂದನ್ನು ತಂದೆ ಎನ್ನಬೇಕು. ಹಂಚಿಕೆಯ ಆ ರಾಜಕೀಯ ನಮಗೇನೂ ಹೊಸತಲ್ಲ.

ಇವುಗಳಲ್ಲಿ ವೆಲ್ಲಿಂಗ್ಟನ್–ಹಟ್ ದಾರಿ ಬರೀ ಎಂಟು ಮೈಲಿಯದು, ಆದರೆ ಅದರ ಒಂದು ಸಂಗತಿ ವಿಶೇಷ. ಬಂದರಿನ ಪಶ್ಚಿಮ ದಂಡೆಯಲ್ಲಿ ಗುಡ್ಡ ನೇರವಾಗಿ ಸಮುದ್ರಕ್ಕೆ ಇಳಿಯುತ್ತದೆ. ಮೊದಲು ಅಲ್ಲಿ ಅಲೆ ಬಡಿಯುವ ಇಕ್ಕಟ್ಟಾದ ಹಾದಿ ಬಿಟ್ಟರೆ ಜಾಗವೇ ಇರಲಿಲ್ಲ. 1855ರ ಜನವರಿಯ ಭಾರಿ ಭೂಕಂಪದಲ್ಲಿ ಆ ದಂಡೆಯೇ ಮೇಲಕ್ಕೆದ್ದಿತು. ಆಳೆತ್ತರಕ್ಕೆ ಸಮೀಪವಾಗಿ ಎದ್ದ ನೆಲ ನೀರಿನ ಅಂಚಿನಲ್ಲಿ ಒಂದು ಪಟ್ಟಿ ಒಣಭೂಮಿಯನ್ನು ಕೊಟ್ಟಿತು. ರಸ್ತೆಯೂ ರೈಲೂ ಹಾದದ್ದು ಆ ಪಟ್ಟಿಯ ಮೇಲೆ. 1872ರ ಆಗಸ್ಟ್ 20ರಂದು ಪಿಪಿಟಿಯಾ ಪಾಯಿಂಟ್‌ನಲ್ಲಿ ಕೆಲಸಕ್ಕೆ ಗುದ್ದಲಿ ಬಿತ್ತು. ಹಟ್‌ವರೆಗೆ ಬಂಡಿ ಓಡಿದ್ದು 1874ರ ಏಪ್ರಿಲ್ 14ರಂದು. ಇವತ್ತಿಗೂ ವೆಲ್ಲಿಂಗ್ಟನ್ನಿನಿಂದ ಹಟ್ ಕಣಿವೆಗೆ ಹೋಗುವ ರೈಲು ಸಮುದ್ರಕ್ಕೂ ಗುಡ್ಡಕ್ಕೂ ನಡುವೆ ಅದೇ ದಂಡೆಯಲ್ಲಿ ಸಾಗುತ್ತದೆ.

ಆಳುಗಳ ವಿಷಯಕ್ಕೆ ಬರೋಣ, ಯಾಕೆಂದರೆ ಬ್ರಾಗ್ಡನ್ನರ ಮನೆ ಮುರಿದದ್ದರಲ್ಲಿ ಇದರ ಪಾಲು ದೊಡ್ಡದು. ರೈಲಿನ ಕರಾರಿನ ಜೊತೆಗೆ ಕೂಲಿಯವರನ್ನು ತರುವ ಇನ್ನೊಂದು ಒಪ್ಪಂದವೂ ಆಗಿತ್ತು. ಇಂಗ್ಲೆಂಡಿನ ಹಳ್ಳಿಗಳಿಂದ ಹೆಂಡತಿ ಮಕ್ಕಳೂ ಸೇರಿ ಎರಡು ಸಾವಿರಕ್ಕೂ ಮೇಲ್ಪಟ್ಟು ಜನರನ್ನು 1872–73ರಲ್ಲಿ ಹಡಗು ಹತ್ತಿಸಿದರು. ಹಡಗಿನ ಖರ್ಚು ಮೊದಲು ಸರ್ಕಾರದ್ದು. ಅದರ ಒಂದು ಭಾಗಕ್ಕೆ ಬ್ರಾಗ್ಡನ್ನರು ಸರ್ಕಾರಕ್ಕೆ ಪ್ರೋನೋಟು ಬರೆದುಕೊಟ್ಟರು. ಬ್ರಾಗ್ಡನ್ನರಿಗೆ ಆಳುಗಳು ಪ್ರೋನೋಟು ಬರೆದುಕೊಟ್ಟರು, ಅದೂ ಬ್ರಾಗ್ಡನ್ನರು ಸರ್ಕಾರಕ್ಕೆ ಕೊಡಬೇಕಿದ್ದಕ್ಕಿಂತ ಹೆಚ್ಚಿನ ಮೊತ್ತಕ್ಕೆ. ದುಡಿದು, ಕೂಲಿಯಲ್ಲಿ ಮುರಿದುಕೊಂಡು ತೀರಿಸಬೇಕು.

ಕಾಗದದ ಮೇಲೆ ಲೆಕ್ಕ ಸರಿಯಾಗಿತ್ತು. ಆದರೆ ಹಡಗಿನಿಂದ ಇಳಿದವನಿಗೆ ಮೊದಲು ತಿಳಿದದ್ದು, ಇಲ್ಲಿ ತನ್ನಂಥ ಕೈಗೆ ಎಲ್ಲೆಲ್ಲೂ ಬೇಡಿಕೆ ಇದೆ, ಬ್ರಾಗ್ಡನ್ನರು ಕೊಡುವುದಕ್ಕಿಂತ ಹೆಚ್ಚು ಕೂಲಿ ಪಕ್ಕದ ಹೊಲದಲ್ಲೇ ಸಿಗುತ್ತದೆ ಎಂದು. ದಿನಕ್ಕೆ ಎಂಟು ಗಂಟೆ ದುಡಿಮೆ ಎನ್ನುವ ರೂಢಿಯೂ ಆ ದೇಶದಲ್ಲಿ ಬೇರು ಬಿಟ್ಟಿತ್ತು. ಅದನ್ನು 1840ರಲ್ಲಿ ಹಟ ಹಿಡಿದು ಶುರುಮಾಡಿದ ಬಡಗಿ ಸ್ಯಾಮ್ಯುಯೆಲ್ ಪಾರ್ನೆಲ್ ಕೆಲಸ ಮಾಡಿದ್ದು ಹಟ್ ರೈಲುದಾರಿಯಲ್ಲಿರುವ ಪಿಟೋನಿಯಲ್ಲೇ. ಹೀಗಿರುವಾಗ ಊರು ಬಿಟ್ಟು ಇಷ್ಟು ದೂರ ಬಂದ ಮನುಷ್ಯ ಸಾಲದ ಕಾಗದಕ್ಕೆ ಕಟ್ಟುಬಿದ್ದು ಕೂರುತ್ತಾನೆಯೇ? ಆಳುಗಳು ಚದುರಿಹೋದರು. ಬೆನ್ನು ಹತ್ತಿ, ಕೋರ್ಟಿಗೆ ಎಳೆದು ವಸೂಲು ಮಾಡುವ ಖರ್ಚು ವಸೂಲಿಗಿಂತ ಹೆಚ್ಚು. ಬ್ರಾಗ್ಡನ್ನರ ಕೈಯಲ್ಲಿ ಉಳಿದದ್ದು ಬಿಡಿಗಾಸು ಬಾಳದ ನೋಟುಗಳು, ತಲೆಯ ಮೇಲೆ ಉಳಿದದ್ದು ಸರ್ಕಾರಕ್ಕೆ ಬರೆದುಕೊಟ್ಟ ಅಸಲಿ ಸಾಲ. ನಮ್ಮನ್ನು ಇದರಿಂದ ಪಾರುಮಾಡಿ ಎಂದು ಅವರು ಸಂಸತ್ತಿಗೆ ಅರ್ಜಿ ಹಾಕಿಕೊಂಡರು. ಬ್ರಾಗ್ಡನ್ನರ ಬಗ್ಗೆ ಇಲ್ಲಿ ನನಗೆ ಕನಿಕರ ಹುಟ್ಟುತ್ತದೆ, ಆದರೆ ಆ ಆಳುಗಳ ಬಗ್ಗೆ ಸಂತೋಷ ಹೆಚ್ಚು. ಅದೇ ಕಾಲದಲ್ಲಿ ಮದರಾಸಿನ ಬಂದರಿನಿಂದ ಮಾರಿಷಸ್ಸಿಗೂ ನೇಟಾಲ್‌ಗೂ ಹೋದ ನಮ್ಮವರು ಬೆರಳೊತ್ತಿದ ಕರಾರಿನಿಂದ ಅಷ್ಟು ಸುಲಭವಾಗಿ ಬಿಡಿಸಿಕೊಳ್ಳುವಂತಿರಲಿಲ್ಲ. ಅಲ್ಲಿ ಕೆಲಸ ಬಿಟ್ಟವನಿಗೆ ಜೈಲು ಕಾದಿತ್ತು.

ಕೆಲಸದ ಬಿಲ್ಲುಗಳ ಜಗಳವೂ ಬೇರೆ. ಇಂಥ ಕರಾರುಗಳಲ್ಲಿ ಎಂಜಿನಿಯರ್ ಅಳೆದು ಸರ್ಟಿಫಿಕೇಟ್ ಕೊಟ್ಟರೆ ಉಂಟು ಹಣ, ಇಲ್ಲದಿದ್ದರೆ ಇಲ್ಲ. ಎಂಜಿನಿಯರ್ ಸರ್ಕಾರದ ನೌಕರ. ಹೆಚ್ಚುವರಿ ಕೆಲಸ ಯಾವುದು, ಕರಾರಿನ ಒಳಗಿನ ಕೆಲಸ ಯಾವುದು, ತಡವಾದದ್ದು ಯಾರ ತಪ್ಪಿನಿಂದ ಎಂದು ಹೇಳುವವನೂ ಅವನೇ. ಸರ್ಕಾರಿ ಗುತ್ತಿಗೆದಾರರ ವ್ಯಾಜ್ಯ ತೀರಿಸಲೆಂದೇ 1872ರಲ್ಲಿ ಒಂದು ಪ್ರತ್ಯೇಕ ಕಾಯ್ದೆ ಆಯಿತು. ಆದರೂ ಬ್ರಾಗ್ಡನ್ನರ ಬಾಕಿ ಕ್ಲೇಮುಗಳು ದಾರಿಗಳೆಲ್ಲ ತೆರೆದು ವರ್ಷಗಳಾದ ಮೇಲೂ ಮುಗಿಯಲಿಲ್ಲ.

ಬೆಂಗಳೂರಿನಲ್ಲೋ ಧಾರವಾಡದಲ್ಲೋ ಕಾನೂನು ಓದಿದವರಿಗೆ ಬ್ರಾಗ್ಡನ್ ಎಂಬ ಹೆಸರು ಕೇಳಿದಂತಿರಬಹುದು. ನಿಜ, ಅದೇ ಬ್ರಾಗ್ಡನ್ನರು. ಇತ್ತ ನ್ಯೂಜಿಲೆಂಡಿನಲ್ಲಿ ಮಾತುಕತೆ ನಡೆಯುತ್ತಿದ್ದ ದಿನಗಳಲ್ಲೇ ಅತ್ತ ಅವರು ಲಂಡನ್ನಿನ ಮೆಟ್ರೊಪಾಲಿಟನ್ ರೈಲ್ವೆಗೆ ಕಲ್ಲಿದ್ದಲು ಹಾಕುತ್ತಿದ್ದರು. ರೈಲ್ವೆಯವರು ಒಂದು ಕರಡು ಕಳಿಸಿದರು. ಬ್ರಾಗ್ಡನ್ ಅದರಲ್ಲಿ ಖಾಲಿ ಬಿಟ್ಟಿದ್ದ ಕಡೆ ಪಂಚಾಯಿತಿದಾರನ ಹೆಸರು ತುಂಬಿ, 'ಒಪ್ಪಿದೆ' ಎಂದು ಬರೆದು, ಸಹಿ ಹಾಕಿ ವಾಪಸು ಕಳಿಸಿದರು. ಅಲ್ಲಿನ ಮ್ಯಾನೇಜರ್ ಅದನ್ನು ಮೇಜಿನ ಖಾನೆಯಲ್ಲಿ ಹಾಕಿಟ್ಟ, ಅಷ್ಟೇ. ಪೂರ್ಣ ಒಪ್ಪಂದಕ್ಕೆ ಯಾರೂ ಸಹಿ ಮಾಡಲಿಲ್ಲ, ಆದರೆ ಕಲ್ಲಿದ್ದಲು ಕರಡಿನಲ್ಲಿದ್ದ ದರಕ್ಕೇ ಹೋಗುತ್ತಿತ್ತು, ಹಣ ಬರುತ್ತಿತ್ತು. 1873ರ ಕೊನೆಯಲ್ಲಿ ಬ್ರಾಗ್ಡನ್ನರು, ನಮ್ಮ ನಡುವೆ ಕರಾರೇ ಇಲ್ಲ ಎಂದರು. 1877ರಲ್ಲಿ ಲಾರ್ಡ್ಸ್ ಸಭೆಯ ನ್ಯಾಯಮೂರ್ತಿಗಳು, ನಡೆದುಕೊಂಡ ರೀತಿಯೇ ಒಪ್ಪಿಗೆ, ಕರಾರು ಇದೆ ಎಂದು ತೀರ್ಪಿತ್ತರು. ನಮ್ಮ ಕರಾರು ಕಾಯ್ದೆ ಜಾರಿಗೆ ಬಂದದ್ದು 1872ರ ಸೆಪ್ಟೆಂಬರ್ 1ರಂದು, ವೆಲ್ಲಿಂಗ್ಟನ್ನಿನಲ್ಲಿ ಆರು ಕರಾರುಗಳಾದ ಕೆಲವೇ ದಿನಗಳ ಮೇಲೆ. ಅದರ ಪಾಠ ಹೇಳುವಾಗ ಇಂದಿಗೂ ಈ ತೀರ್ಪನ್ನು ಓದಿಸುತ್ತಾರೆ. ಕಾಗದದ ವಿಷಯದಲ್ಲಿ ಅಷ್ಟು ಸಡಿಲವಾಗಿದ್ದ ಮನೆತನ ಭೂಗೋಳದ ಇನ್ನೊಂದು ಮಗ್ಗುಲಿಗೆ ಬಂದು, ಪ್ರತಿ ಷರತ್ತನ್ನೂ ಹಿಡಿದು ಜಗ್ಗುವ ಸರ್ಕಾರದ ಎದುರು ಕೂತದ್ದನ್ನು ನೆನೆದರೆ, ಮುಂದಿನ ನಷ್ಟದ ಕಾರಣ ಅರ್ಧ ಅಲ್ಲೇ ಕಾಣುತ್ತದೆ. 1880ರ ದಶಕದಲ್ಲಿ ಆ ವ್ಯಾಪಾರ ಮುರಿದುಬಿತ್ತು.

ದಾರಿಗಳು ಮಾತ್ರ ಆದವು. 1875 ಮುಗಿಯುವುದರೊಳಗೆ ಆಕ್ಲೆಂಡಿನಿಂದ ಮರ್ಸರ್‌ಗೆ, ಪಿಕ್ಟನ್ನಿನಿಂದ ಬ್ಲೆನಮ್‌ಗೆ, ಡನೀಡಿನ್ನಿನಿಂದ ಕ್ಲೂಥಾ ತೀರಕ್ಕೆ ರೈಲು ಓಡುತ್ತಿತ್ತು. ಸರ್ಕಾರ ಅಷ್ಟರಲ್ಲಿ ಒಬ್ಬನೇ ದೊಡ್ಡ ಗುತ್ತಿಗೆದಾರನ ಸಹವಾಸ ಬಿಟ್ಟು, ಕೆಲಸವನ್ನು ತುಂಡು ತುಂಡಾಗಿಸಿ ಊರಿನವರಿಗೇ ಟೆಂಡರ್ ಕರೆಯತೊಡಗಿತ್ತು. 1880ರ ಹೊತ್ತಿಗೆ ರೈಲುದಾರಿ 1,900 ಕಿಲೋಮೀಟರಿನಷ್ಟಾಯಿತು, ಸಾಲ ಎರಡೂವರೆ ಕೋಟಿ ಪೌಂಡ್ ದಾಟಿತು. ಅಡ್ಡ ನಿಂತಿದ್ದ ಪ್ರಾಂತ್ಯಗಳನ್ನೇ ವೋಗೆಲ್ 1876ರಲ್ಲಿ ಇಲ್ಲದಂತೆ ಮಾಡಿದರು. ಭೂಮಿ ಕೊಟ್ಟು ರೈಲು ಕಟ್ಟಿಸುವ ಹಳೆಯ ಆಸೆ ಮುಂದೆ ಮಿಡ್‌ಲ್ಯಾಂಡ್ ರೈಲ್ವೆ ಕಂಪನಿಯ ರೂಪದಲ್ಲಿ ಮತ್ತೆ ತಲೆ ಎತ್ತಿತು. ಆ ಕಂಪನಿ ಮಾತಿನಂತೆ ಕೆಲಸ ಮುಗಿಸಲಾರದೆ ಹೋದಾಗ 1895ರಲ್ಲಿ ಸರ್ಕಾರ ದಾರಿಯನ್ನು ವಶಪಡಿಸಿಕೊಂಡಿತು. ಇದಕ್ಕಿಂತ ನನಗೆ ಹಿಡಿಸುವುದು 1890ರ ದಶಕದಲ್ಲಿ ಮಂತ್ರಿ ರಿಚರ್ಡ್ ಸೆಡನ್ ತಂದ ಸಹಕಾರಿ ಗುತ್ತಿಗೆ. ಮಧ್ಯವರ್ತಿಯನ್ನು ಬಿಟ್ಟು, ಆಳುಗಳ ತಂಡಕ್ಕೇ ನೇರವಾಗಿ ಒಂದೊಂದು ತುಂಡು ಕೆಲಸ. ತಂಡ ತನ್ನ ಮುಖಂಡನನ್ನು ತಾನೇ ಆರಿಸಿಕೊಳ್ಳಬೇಕು, ಎಂಜಿನಿಯರ್ ಗೊತ್ತುಮಾಡಿದ ಬೆಲೆಯನ್ನು ಹಂಚಿಕೊಳ್ಳಬೇಕು.

ಇಷ್ಟೆಲ್ಲ ಮಾತುಕತೆಯಲ್ಲಿ ಒಂದು ಪಕ್ಷದವರು ಮೇಜಿನ ಬಳಿ ಇರಲೇ ಇಲ್ಲ. ಆಕ್ಲೆಂಡ್ ದಾರಿ ಕೊನೆಗೊಂಡ ಮರ್ಸರ್ ಪಕ್ಕದಲ್ಲೇ ಮಂಗತಾಫಿರಿ ಹೊಳೆ ವೈಕಾಟೊ ನದಿಗೆ ಸೇರುತ್ತದೆ. 1863ರ ಜುಲೈ 12ರಂದು ಬ್ರಿಟಿಷ್ ಸೈನ್ಯ ಆ ಹೊಳೆ ದಾಟಿ ವೈಕಾಟೊ ಸೀಮೆಯೊಳಗೆ ನುಗ್ಗಿತ್ತು. ಯುದ್ಧವಾದ ಮೇಲೆ ಆ ನಾಡಿನ ಮೂಲನಿವಾಸಿಗಳಾದ ಮಾವೊರಿಗಳ ಸುಮಾರು 12 ಲಕ್ಷ ಎಕರೆ ಮುಟ್ಟುಗೋಲಾಯಿತು. ರಸ್ತೆ ಮತ್ತು ರೈಲು ಬಂದರೆ, ವಲಸಿಗರು ತುಂಬಿಕೊಂಡರೆ, ಸೈನ್ಯವಿಲ್ಲದೆಯೇ ನಾಡು ಹತೋಟಿಗೆ ಬರುತ್ತದೆ ಎಂದು ವೋಗೆಲ್ ಯೋಜನೆಯ ಬೆಂಬಲಿಗರು ಬಾಯಿಬಿಟ್ಟೇ ಹೇಳಿದ್ದರು. ಕರಾರಿನ ದರಪಟ್ಟಿಯಲ್ಲಿ ಆ ನೆಲದ ಬೆಲೆ ಎಲ್ಲೂ ಬರುವುದಿಲ್ಲ.

ಮುಟ್ಟುಗೋಲಿನ ಗಡಿಯಾದ ಪೂನಿಯೂ ನದಿಯ ಆಚೆ ಮಾತ್ರ ಸರ್ಕಾರದ ಆಟ ನಡೆಯಲಿಲ್ಲ. ಅದು ಮಾವೊರಿ ದೊರೆಯ ಸೀಮೆ, ಮಣಿಯಪೊಟೊ ಬುಡಕಟ್ಟಿನ ನೆಲ. ಆಕ್ಲೆಂಡಿಗೂ ವೆಲ್ಲಿಂಗ್ಟನ್ನಿಗೂ ರೈಲು ಕೂಡಬೇಕಾದರೆ ಅಲ್ಲಿಂದಲೇ ಹಾಯಬೇಕು, ಅವರ ಒಪ್ಪಿಗೆಯಿಲ್ಲದೆ ಸರ್ವೆಯವನೂ ಒಳಗೆ ಹೋಗುವಂತಿರಲಿಲ್ಲ. ಹಾಗಾಗಿ ಆ ದೇಶದ ರೈಲಿನ ಅತಿ ದೊಡ್ಡ ಮಾತುಕತೆ ನಡೆದದ್ದು ಯಾವ ಗುತ್ತಿಗೆದಾರನ ಜೊತೆಗೂ ಅಲ್ಲ, ವಹನುಯಿ, ರೆವಿ ಮಣಿಯಪೊಟೊ ಮುಂತಾದ ಮುಖಂಡರ ಜೊತೆಗೆ. 1883ರಲ್ಲಿ ಅವರು ಸಂಸತ್ತಿಗೆ ಅರ್ಜಿ ಬರೆದರು. ನಮ್ಮ ಭೂಮಿಯ ಗಡಿ ನಾವೇ ಗೊತ್ತುಮಾಡಬೇಕು, ನಮ್ಮ ಭೂಮಿಯ ಆಡಳಿತ ನಮ್ಮ ಕೈಯಲ್ಲೇ ಇರಬೇಕು. ಹೆಂಡ ಒಳಗೆ ಬರಬಾರದು ಎಂಬುದೂ ಅವರ ಬೇಡಿಕೆಯಾಗಿತ್ತು. ಎರಡು ವರ್ಷ ಸಭೆಗಳಾದವು, ಮಂತ್ರಿಗಳು ಅವರಿದ್ದಲ್ಲಿಗೇ ಬಂದು ಮಾತು ಕೊಟ್ಟರು. 1885ರ ಏಪ್ರಿಲ್ 15ರಂದು ಪೂನಿಯೂ ದಂಡೆಯಲ್ಲಿ ವಹನುಯಿ ಗುದ್ದಲಿ ಹಿಡಿದು ಮೊದಲ ಮಣ್ಣು ಅಗೆದು ಕೈಗಾಡಿಗೆ ಹಾಕಿದರು. ಪ್ರಧಾನಿ ರಾಬರ್ಟ್ ಸ್ಟೌಟ್ ಆ ಗಾಡಿ ತಳ್ಳಿಕೊಂಡು ಹೋಗಿ ಸುರಿದರು.

ಹೆಂಡದ ಷರತ್ತು 1954ರವರೆಗೂ ಉಳಿಯಿತು. ಭೂಮಿಯ ಷರತ್ತು ಉಳಿಯಲಿಲ್ಲ. ಭೂ ನ್ಯಾಯಾಲಯ ಬಂತು, ಜಂಟಿ ಒಡೆತನ ಚೂರುಚೂರಾಯಿತು, ಹಳಿಯ ಇಕ್ಕೆಲದ ನೆಲ ಸರ್ಕಾರಕ್ಕೂ ವಲಸಿಗರಿಗೂ ಕೈಬದಲಾಯಿತು. 1908ರ ನವೆಂಬರ್‌ನಲ್ಲಿ ಪ್ರಧಾನಿ ಜೋಸೆಫ್ ವಾರ್ಡ್ ಕೊನೆಯ ಮೊಳೆ ಹೊಡೆದು ಎರಡು ನಗರಗಳ ನಡುವಿನ ದಾರಿ ಪೂರ್ತಿಯಾಯಿತೆಂದು ಸಾರಿದಾಗ, ಆ ಮಾತು ಕೊಟ್ಟು 23 ವರ್ಷವಾಗಿತ್ತು. ಮಣಿಯಪೊಟೊ ಜನ ಅದನ್ನು ಬಿಡಲಿಲ್ಲ. ಮಕ್ಕಳು, ಮೊಮ್ಮಕ್ಕಳು, ಅವರ ಮಕ್ಕಳು ಅದೇ ದೂರನ್ನು ಹೊತ್ತು, ಮಾವೊರಿಗಳ ದೂರು ಕೇಳುವ ವೈತಾಂಗಿ ನ್ಯಾಯಮಂಡಳಿಯವರೆಗೆ ಹೋದರು. ಸರ್ಕಾರ ಕೊಟ್ಟ ಮಾತು ಮುರಿದಿದೆ ಎಂದು ಮಂಡಳಿ ಬರೆಯಿತು. 2022ರಲ್ಲಿ ನ್ಯೂಜಿಲೆಂಡ್ ಸಂಸತ್ತು ಮಣಿಯಪೊಟೊ ಹಕ್ಕೊತ್ತಾಯದ ಇತ್ಯರ್ಥ ಕಾಯ್ದೆಯನ್ನು ಪಾಸು ಮಾಡಿ ಪರಿಹಾರ ಕೊಟ್ಟಿತು, ಕ್ಷಮೆ ಕೇಳಿತು.